ಸೀಟಿ ಮಾಮನ ಎರಡು ನಿಮಿಷ

ಬಂದರಿನ ಬಸ್ ನಿಲ್ದಾಣದ ಟೈಮ್‌ಕೀಪರನ್ನು ಎಲ್ಲರೂ ಸೀಟಿ ಮಾಮ ಎನ್ನುತ್ತಿದ್ದರು. ಅವನು ಸೀಟಿ ಊದದೆ ಒಂದು ಬಸ್ಸೂ ಕದಲುತ್ತಿರಲಿಲ್ಲ. ಆಚೆ ದಡದಿಂದ ಜನರನ್ನು ತರುವ ಲಾಂಚ್ ದೋಣಿ ತಡವಾದರೆ ಆಸ್ಪತ್ರೆ ಬಸ್ಸನ್ನು ಎರಡು ನಿಮಿಷ ತಡೆಯುವುದು ಅವನ ಇಪ್ಪತ್ತು ವರ್ಷದ ರೂಢಿ. ಡಿಪೋಗೆ ಹೊಸ ಸಾಹೇಬರು ಬಂದವರೇ, "ಇನ್ನೊಂದ್ಸಲ ತಡೆದ್ರೆ ಕೆಲಸ ಹೋಗುತ್ತೆ" ಎಂದರು. ಮಾಮ ಬಾಲ ಮುದುರಿಕೊಂಡ.

ಮರುದಿನ ಲಾಂಚ್ ದಡ ಮುಟ್ಟುವಷ್ಟರಲ್ಲಿ ಬಸ್ಸಿನ ಹೊತ್ತಾಯಿತು. ಡಯಾಲಿಸಿಸ್‌ಗೆ ಹೋಗುವ ಅಜ್ಜಿ ಓಡೋಡಿ ಬರುತ್ತಾ ಕೈ ಬೀಸಿದಳು. ಮಾಮ ಕಂಡೂ ಕಾಣದವನಂತೆ ಮುಖ ತಿರುಗಿಸಿ ಸೀಟಿ ಊದಿದ. ಬಸ್ಸು ಹೋಯಿತು.

"ನನ್ನ ನೋಡ್ಲಿಲ್ವೇನೋ ಮಗಾ?" ಅಜ್ಜಿ ಏದುಸಿರು ಬಿಡುತ್ತಾ ಕೇಳಿದಳು.

"ಇಲ್ಲಜ್ಜಿ, ನೋಡ್ಲಿಲ್ಲ."

"ಹೋಗ್ಲಿ ಬಿಡು. ನೋಡಿದ್ದಿದ್ರೆ ನೀನು ನಿಲ್ಲಿಸ್ದೇ ಇರ್ತಿದ್ಯಾ?" ಎಂದು ಅಜ್ಜಿ ಅವನ ಬೆನ್ನು ತಟ್ಟಿದಳು.

ಮಾಮನಿಗೆ ಚಪ್ಪಲಿಯಲ್ಲಿ ಹೊಡೆದಂತಾಯಿತು. ಮುಂದಿನ ಬಸ್ಸು ಬರುವವರೆಗೆ ಅವಳು ಅವನ ಎದುರೇ ಕೂತಿದ್ದಳು.