ಎಮ್ಮೆ ತಿಂದ ಪಾವು

ಇಂದು ಮಾಡಿದ ಕೆಲಸಗಳು: ಎಮ್ಮೆಯ ಹಾಲು ಹಿಂಡಿದೆ. ಪಡಸಾಲೆಯ ಶಹಾಬಾದ್ ಬಂಡೆಗಳನ್ನು ತೊಳೆದೆ. ಒಣದ್ರಾಕ್ಷಿ ನೆನೆಹಾಕಿ, ಹಿಸುಕಿ, ರಸ ಸೋಸಿದೆ. ಯಜಮಾನರ ಅಂಗಿಗೆ ಗುಂಡಿ ಹಚ್ಚಿದೆ. ಜೋಳ ಬೀಸಿದೆ. ನಡುವೆ ಅತ್ತೆಯ ಮೇಲೆ ಸಿಟ್ಟಾದೆ. ಅದನ್ನೂ ಕೆಲಸದಲ್ಲಿ ಸೇರಿಸಬೇಕು, ಎಲ್ಲಕ್ಕಿಂತ ದಣಿವಾದದ್ದು ಅದರಿಂದಲೇ.

ವಾಡಿ ಊರಿನಲ್ಲಿ ನಮ್ಮದು ಕೆಲವೇ ಮನೆಗಳ ಕ್ರೈಸ್ತ ಸಭೆ. ದೇವಾಲಯ ಇನ್ನೂ ಕಟ್ಟಿಲ್ಲ, ನಮ್ಮ ಪಡಸಾಲೆಯೇ ದೇವಾಲಯ. ಶುಭ ಶುಕ್ರವಾರದ ಹಿಂದಿನ ಸಂಜೆ, ಅಂದರೆ ಇಂದು, ಯೇಸುಸ್ವಾಮಿ ಶಿಷ್ಯರೊಡನೆ ಮಾಡಿದ ಕಡೆಯ ಊಟದ ನೆನಪಿಗೆ, ಪ್ರಭುಭೋಜನ ಇಲ್ಲಿಯೇ ನಡೆಯುತ್ತದೆ. ಅದಕ್ಕೆ ದ್ರಾಕ್ಷಿರಸದ ಜೊತೆ ಪಾವು, ಅಂದರೆ ಹಿಟ್ಟು ಹುಳಿಸಿ ಉಬ್ಬಿಸಿ ಸುಟ್ಟ ಬ್ರೆಡ್ಡು, ಬೇಕು. ಮಿಷನಿನ ದೊರೆಗಳು ಪಾವು ಮುರಿದರು, ನಾವೂ ಮುರಿಯುತ್ತೇವೆ. ಅದು ಹೈದರಾಬಾದಿನ ಗಾಡಿಯಲ್ಲಿ ಬರಬೇಕು. ರೈಲ್ವೆಯಲ್ಲಿರುವ ಯಜಮಾನರು ನಿನ್ನೆ ಕೂಸಿನ ಹಾಗೆ ಎದೆಗವಚಿಕೊಂಡು ತಂದಿದ್ದರು.

ಅತ್ತೆ ಅದನ್ನು ಎಮ್ಮೆಗೆ ಹಾಕಿಬಿಟ್ಟರು.

"ಮೂಸಿ ನೋಡಿದೆ, ಹುಳಿ ನಾತ ಹೊಡಿಲಿಕತ್ತಿತ್ತು. ಕೆಟ್ಟದ್ದು ದೇವರ ಮುಂದ ಇಡ್ತೀರೇನು?" ಎಂದರು.

ಹುಟ್ಟಿದಾಗಿನಿಂದ ಹಂಚಿನ ಮೇಲಿನ ಬಿಸಿ ರೊಟ್ಟಿ ತಿಂದವರು ಅವರು. ಹಿಟ್ಟು ಉಬ್ಬಿತೆಂದರೆ ಹಳಸಿತೆಂದೇ ನಮ್ಮ ಸೀಮೆಯ ಲೆಕ್ಕ. ಎಮ್ಮೆಗೆ ಮಾತ್ರ ಯಾವ ಶಂಕೆಯೂ ಬರಲಿಲ್ಲ.

ನನ್ನ ಸಿಟ್ಟಿಗೆ ಪಾವು ಅರ್ಧ ಕಾರಣ. ಇನ್ನರ್ಧ ಹೋದ ವರ್ಷದ್ದು. ಅತ್ತೆ ದೀಕ್ಷಾಸ್ನಾನ ಪಡೆದು ಎಷ್ಟೋ ಕಾಲವಾಯಿತು, ಆದರೂ ಯುಗಾದಿಗೆ ಒಂದು ಚಿಗುರು ಬೇವು ತಿನ್ನದಿದ್ದರೆ ಅವರಿಗೆ ವರ್ಷ ಶುರುವಾಗುವುದಿಲ್ಲ. ಸಭೆಯ ಹಿರಿಯರಾದ ದಾನಿಯೇಲಪ್ಪನವರು ಅದನ್ನು ಕಂಡು, ಬೇವು ತಿಂದ ಬಾಯಿಗೆ ಪ್ರಭುಭೋಜನ ಸಲ್ಲದು ಎಂದಿದ್ದರು. ಅಂದಿನಿಂದ ಅತ್ತೆ ಹೊಸ್ತಿಲಲ್ಲೇ ಕೂರುತ್ತಾರೆ, ತಟ್ಟೆ ಬಂದರೆ ಮುಖ ತಿರುಗಿಸುತ್ತಾರೆ. ಈ ಸಲ ಒಳಗೆ ಬರುವಂತೆ ತಿಂಗಳಿಡೀ ಪುಸಲಾಯಿಸಿದ್ದೆ. ಈಗ ಹೀಗಾಯಿತು.

"ನನ್ನ ಕೈಲೆ ಇಂಥಾದ್ದೇ ಆಗ್ತದ ನೋಡು. ಹೊಸ್ತಿಲೇ ಛಲೋ ನನಗ," ಎಂದು ಅಲ್ಲೇ ಕುಳಿತರು.

ಮಧ್ಯಾಹ್ನದ ಗಾಡಿಗೆ ಶಹಾಬಾದಿನಿಂದ ನಮ್ಮ ಪಾಸ್ಟರು ಬಂದರು. ಸಂಗತಿ ಕೇಳಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

"ಅಮ್ಮಾರು ತಪ್ಪೇನು ಮಾಡ್ಯಾರ್ರಿ? ಯೆಹೂದ್ಯರು ಪಸ್ಕ ಹಬ್ಬಕ್ಕ ಮೊದಲ ಮನಿ ಮೂಲಿ ಮೂಲಿ ಹುಡುಕಿ ಹುಳಿ ಹಿಟ್ಟು ಹೊರಗ ಹಾಕ್ತಾರ. ಸ್ವಾಮಿ ಉಂಡ ಊಟ ಆ ಹಬ್ಬದ್ದೇ. ರೊಟ್ಟಿ ಬಡೀರಿ."

ಹೌದಲ್ಲ, ಎನಿಸಿತು. ಪಸ್ಕವೆಂದರೆ ಯೆಹೂದ್ಯರು ಐಗುಪ್ತದ, ಅಂದರೆ ಈಜಿಪ್ಟಿನ, ಗುಲಾಮಗಿರಿಯಿಂದ ಬಿಡುಗಡೆಯಾದ ನೆನಪು. ಅವಸರದಲ್ಲಿ ಹೊರಟವರಿಗೆ ಹಿಟ್ಟು ಉಬ್ಬುವವರೆಗೆ ಕಾಯಲು ಪುರಸೊತ್ತೆಲ್ಲಿ? ಹಂಚಿಗೆ ಹಾಕು, ಗಂಟು ಕಟ್ಟು, ನಡೆ. ನಮ್ಮ ಹೆಂಗಸರು ಹೊಲಕ್ಕೆ ಬುತ್ತಿ ಒಯ್ಯುವುದೂ ಹೀಗೆಯೇ. ನಾನೋ, ಯೇಸುಸ್ವಾಮಿ ಯೆಹೂದ್ಯರ ಮನೆಯ ಮಗ ಎಂದು ದಿನಾ ಓದಿಯೂ, ಅವರ ತಟ್ಟೆಯಲ್ಲಿ ಹೈದರಾಬಾದಿನ ಪಾವನ್ನೇ ಇಟ್ಟು ಕಲ್ಪಿಸಿಕೊಂಡಿದ್ದವಳು. ನಂಬಿಕೆಯ ಬೇರು ಹುಡುಕುವವರು ಆ ಹೈದರಾಬಾದಿನ ಗಾಡಿಗಿಂತ ಸ್ವಲ್ಪ ಹಿಂದಕ್ಕೆ ಹೋಗಬೇಕು. ನಮ್ಮ ಹೆಸರುಗಳನ್ನೇ ನೋಡಿ: ದಾನಿಯೇಲ ಯೆಹೂದ್ಯರದು, ಬಾಲದ 'ಅಪ್ಪ' ಮಾತ್ರ ನಮ್ಮ ಚಿತ್ತಾಪುರದ್ದು.

ಸಂಜೆ ಆ ದಾನಿಯೇಲಪ್ಪನವರು ಬಂದು ಎಲ್ಲ ಕೇಳಿದರು. "ರೊಟ್ಟಿ ನಡೀಲಿ ಪಾಸ್ಟರ್ರ. ಆದ್ರ ಬೇವು?"

ಪಾಸ್ಟರು ಹಳೆಯ ಒಡಂಬಡಿಕೆ ತೆರೆದು ಅವರ ತೊಡೆಯ ಮೇಲಿಟ್ಟರು. "ಓದ್ರಿ. ಪಸ್ಕದ ಊಟದಾಗ ಕಹಿ ಸೊಪ್ಪು ಇರಬೇಕಂತ ಅದ. ಯುಗಾದಿ ಪಸ್ಕ ಒಂದೇ ಅಂತ ನಾ ಹೇಳಾಕತ್ತಿಲ್ಲ. ಕಹಿ ತಿಂದ ಬಾಯಿ ಹೊಲಸಲ್ಲ ಅಂತ ಹೇಳಾಕತ್ತೀನಿ."

ದಾನಿಯೇಲಪ್ಪನವರು ಓದಿದರು. ಕನ್ನಡಕ ಒರೆಸಿ ಮತ್ತೊಮ್ಮೆ ಓದಿದರು. ಪುಸ್ತಕ ಕೆಳಗಿಟ್ಟು ಹೊಸ್ತಿಲ ಹತ್ತಿರ ಹೋಗಿ ನಿಂತರು.

"ಅಕ್ಕಾ, ಬೇವಿನ ಗಿಡ ನಿಮ್ಮ ಹಿತ್ತಲದಾಗೇ ಅದಲ್ಲ?"

"ಅದ. ಹೋದ ವರ್ಷ ನೀ ಬೈದಾಗೂ ಅಲ್ಲೇ ಇತ್ತು," ಎಂದರು ಅತ್ತೆ.

"ನಾಕು ಎಲಿ ತರ್ರಿ. ನನಗೂ ಬೇಕು."

ಅತ್ತೆ ಎದ್ದರು. ಹಿತ್ತಲಿಂದ ಚಿಗುರು ತಂದು, ಅದನ್ನಿಡಲು ತಟ್ಟೆಯಿದ್ದಲ್ಲಿಗೆ ಬರಲೇಬೇಕಾಯಿತು. ಬಂದವರು ನನ್ನ ಪಕ್ಕದಲ್ಲೇ ಕುಳಿತರು, ಸೆರಗು ಸರಿಮಾಡಿಕೊಂಡರು. ಪಾಸ್ಟರು ಪ್ರಾರ್ಥಿಸಿ, ನಾನು ಬಡಿದು ಗರಿಗರಿಯಾಗಿ ಒಣಗಿಸಿದ್ದ ಕಟಿ ರೊಟ್ಟಿ ಮುರಿದಾಗ ಪಟ್ ಎಂದಿತು. ಪಾವು ಮುರಿದದ್ದು ಹಿಂದಿನ ಸಾಲಿನವರಿಗೆ ಎಂದೂ ಕೇಳಿಸಿರಲಿಲ್ಲ. ತಟ್ಟೆ ಅತ್ತೆಯ ಮುಂದೆ ಬಂತು. ಎರಡೂ ಕೈ ಚಾಚಿದರು.

ಆಮೇಲಿನ ಊಟಕ್ಕೆ ಬಿಸಿ ರೊಟ್ಟಿ, ಪುಂಡಿಪಲ್ಯ, ಒಂದೊಂದು ಎಳೆ ಬೇವು. ದಾನಿಯೇಲಪ್ಪನವರು ಅಗಿದು, ಮುಖ ಕಿವುಚಿ, "ಬೆಲ್ಲ ಇಲ್ಲೇನ್ರಿ?" ಎಂದು ಮೆಲ್ಲಗೆ ಕೇಳಿದರು. ಯೆಹೂದ್ಯರೂ ಕಹಿಗೆ ಒಂದು ಸಿಹಿ ಚಟ್ನಿ ನಂಜಿಕೊಳ್ಳುತ್ತಾರಂತೆ. ಪಾಸ್ಟರ ಅಪ್ಪಣೆಯಾಯಿತು, ಬೆಲ್ಲ ಕೊಟ್ಟೆ. ಎಲ್ಲರಿಗಿಂತ ಮೊದಲು ಮಲಗಿದವರು ಅತ್ತೆ, ಪಡಸಾಲೆಯ ನಟ್ಟನಡುವೆ, ಬೆಳಗ್ಗೆ ನಾನು ತೊಳೆದ ಬಂಡೆಯ ಮೇಲೆ. ಎಮ್ಮೆ ಇನ್ನೂ ಪಾವನ್ನೇ ಮೆಲುಕು ಹಾಕುತ್ತಿದೆ.