ಮುಕುಂದ ಕೇಳಿದ ನೀರು

೧೯೬೭ರಲ್ಲಿ ನಾನು ಅಹಮದಾಬಾದಿನಲ್ಲಿ ಆಯಾ ಆಗಿದ್ದೆ. ಗಂಡ ರೈಲ್ವೆಯಲ್ಲಿ ಖಲಾಸಿ; ಧಾರವಾಡದ ಕಡೆಯಿಂದ ಅವನ ಬೆನ್ನಿಗೆ ಬಂದವಳು ನಾನು. ಗಂಗವ್ವ ಎಂಬ ಹೆಸರು ಅಲ್ಲಿ ಗಂಗಾಬೆನ್ ಆಯಿತು. ನನಗೆ ಓದು ಬರಹ ಅಷ್ಟಕ್ಕಷ್ಟೆ. ಶಾಲೆಯಲ್ಲಿ ಕೆಲಸ ಎಂದು ಹೇಳಿಕೊಳ್ಳುತ್ತಿದ್ದೆ. ನಿಜಕ್ಕೂ ಅದು ನದಿಯಾಚೆಯ ಒಂದು ಬಂಗಲೆಯ ಕಾರು ನಿಲ್ಲಿಸುವ ಗ್ಯಾರೇಜು. ನೆಲದ ಎಣ್ಣೆ ಕಲೆ ಎಷ್ಟು ತಿಕ್ಕಿದರೂ ಹೋಗುತ್ತಿರಲಿಲ್ಲ.

ಯಾವ ಶಾಲೆಯೂ ಸೇರಿಸಿಕೊಳ್ಳದ ಕೆಲವು ಮಕ್ಕಳು ಅಲ್ಲಿಗೆ ಬರುತ್ತಿದ್ದರು. ತಾಯಂದಿರೇ ಸರದಿಯ ಮೇಲೆ ಪಾಠ ಹೇಳುವರು. ಅವರಲ್ಲಿ ವಿಮಲಮ್ಮ ಮೈಸೂರಿನವರು. ಆಕೆಯ ಗಂಡ ರಾಯರು ಸಂಶೋಧನಾ ಸಂಸ್ಥೆಯಲ್ಲಿ ವಿಜ್ಞಾನಿ. ಮಗ ಮುಕುಂದನಿಗೆ ಎಂಟು ವರ್ಷ. ಅವನಿಗಿರುವುದು ಆಟಿಸಂ ಎಂದು ಮುಂಬಯಿಯ ಡಾಕ್ಟರು ಹೇಳಿದ್ದರಂತೆ. ಹೆಸರು ಸಿಕ್ಕಿತು, ಶಾಲೆ ಸಿಗಲಿಲ್ಲ.

ನಾವು ಮುಕುಂದನನ್ನು ಹೇಗೆ ಕೇಳುತ್ತೇವೋ ಹಾಗೆಯೇ ಅವನು ತಿರುಗಿ ಕೇಳುವನು. ಬಾಯಾರಿದರೆ ‘ನೀರು ಕೊಡು’ ಎನ್ನುತ್ತಿರಲಿಲ್ಲ. ಗುಜರಾತಿ ತಾಯಂದಿರ ದನಿಯಲ್ಲೇ ‘ಪಾಣಿ ಜೋಯಿಯೆ?’, ಅಂದರೆ ನೀರು ಬೇಕೇ, ಎನ್ನುವನು. ಹೊಟ್ಟೆ ತುಂಬಿದರೆ ನನ್ನ ದನಿ ತೆಗೆದು ‘ಸಾಕೇನಪಾ?’ ಎನ್ನುವನು. ಅಣಕಿಸುತ್ತಾನೆಂದು ಮೊದಮೊದಲು ನನಗೆ ಸಿಟ್ಟು ಬರುತ್ತಿತ್ತು. ಅಣಕವಲ್ಲ, ಅವನ ಹತ್ತಿರ ಇದ್ದದ್ದೇ ಅಷ್ಟು ಮಾತು.

ಈ ತಂದೆತಾಯಿಯರು ಸರಕಾರವನ್ನು ಕೇಳಿದ್ದು ದೊಡ್ಡದೇನಲ್ಲ: ಯಾವುದಾದರೂ ಶಾಲೆಯಲ್ಲಿ ಒಂದು ಕೋಣೆ, ಇಂಥ ಮಕ್ಕಳಿಗೆ ಕಲಿಸುವ ತರಬೇತಿ ಪಡೆದ ಒಬ್ಬ ಟೀಚರು. ವರ್ಷವಿಡೀ ಕಚೇರಿ ಸುತ್ತಿದ ಮೇಲೆ ಒಬ್ಬ ಅಧಿಕಾರಿ ಬಂದು ನೋಡಲು ಒಪ್ಪಿದರು. ಅಷ್ಟರಲ್ಲಿ ಬಂಗಲೆಯವರಿಗೆ ಹೊಸ ಕಾರು ಬರುವುದಿತ್ತು, ಗ್ಯಾರೇಜು ಬಿಡಬೇಕಿತ್ತು. ಅಧಿಕಾರಿ ಒಲ್ಲೆನೆಂದರೆ ಮಕ್ಕಳು ಮನೆಯಲ್ಲಿ ಕೂರಬೇಕು.

ಅಧಿಕಾರಿ ಸಾಹೇಬರು ಬಂದದ್ದು ಬೇಸಿಗೆಯ ಮಧ್ಯಾಹ್ನ; ಅಂದು ರಾಯರೂ ಬಂದಿದ್ದರು. ತಗಡಿನ ಮಾಡು ಕಾದು ಒಲೆಯಾಗಿತ್ತು. ಸಾಹೇಬರು ಕುರ್ಚಿಯಲ್ಲಿ ಕೂತು ಬೆವರು ಒರೆಸಿಕೊಂಡರು. ಮುಕುಂದ ನೆಟ್ಟಗೆ ಅವರೆದುರು ಹೋಗಿ ನಿಂತ.

“ಪಾಣಿ ಜೋಯಿಯೆ?”

ಸಾಹೇಬರಿಗೆ ಬಹಳ ಸಂತೋಷವಾಯಿತು. “ವಾಹ್! ಬಂದವರಿಗೆ ಮೊದಲು ನೀರು. ಈ ಮದ್ರಾಸಿ ಹುಡುಗನಿಗೆ ಎಂಥ ಸಂಸ್ಕಾರ!” ಮೈಸೂರಾದರೇನು, ಧಾರವಾಡವಾದರೇನು, ಅಲ್ಲಿ ನಾವೆಲ್ಲ ಮದ್ರಾಸಿಗಳೇ. “ಇವನಿಗೇನಾಗಿದೆ ಬೆನ್? ಎಲ್ಲ ಮಕ್ಕಳು ಹೋಗುವ ಶಾಲೆಗೇ ಕಳಿಸಿ. ಬೇರೆ ಕೋಣೆ ಯಾಕೆ?”

ಮಗನನ್ನು ಒಬ್ಬರು ಹೊಗಳಿದ್ದನ್ನು ವಿಮಲಮ್ಮ ಕೇಳಿದ್ದು ಅದೇ ಮೊದಲು. ಮುಖ ಅರಳಿಬಿಟ್ಟಿತು.

“ವಿಮಲಾ, ಹೇಳಿಬಿಡು,” ಎಂದು ರಾಯರು ಕನ್ನಡದಲ್ಲಿ ಮೆಲ್ಲಗೆ ಅಂದರು.

“ಸ್ವಲ್ಪ ಹೊತ್ತು ಇರೀಂದ್ರೆ,” ಎಂದರು ಆಕೆ.

ನಾನು ಮಡಕೆಯಿಂದ ನೀರು ತುಂಬಿ ತಂದೆ. ತಂದದ್ದು ಹುಡುಗನಿಗೆ. ಸಾಹೇಬರು ತಮಗೇ ಎಂದುಕೊಂಡು ಕೈ ಚಾಚಿ ಲೋಟ ತೆಗೆದುಕೊಂಡರು. ಸಾಹೇಬರ ಕೈಯಿಂದ ಆಯಾ ಲೋಟ ಕಸಿಯುವುದುಂಟೇ? ಇನ್ನೊಂದು ತರಲು ತಿರುಗಿದೆ.

“ಪಾಣಿ ಜೋಯಿಯೆ?” ಮುಕುಂದನ ದನಿ ಏರಿತು.

“ಬಸ್ ದೀಕರಾ, ಸಾಕು ಮಗನೇ, ಸಿಕ್ಕಿತಲ್ಲ,” ಎಂದು ನಗುತ್ತ ಅವರು ನೀರನ್ನು ಎತ್ತಿ ಪೂರಾ ಕುಡಿದರು.

ಮುಕುಂದ ತನ್ನ ಕೈಯನ್ನೇ ಕಚ್ಚಿಕೊಂಡ. ಕಿರುಚುತ್ತ ಗೋಡೆಗೆ ತಲೆ ಬಡಿದುಕೊಂಡ. ಸಾಹೇಬರು ಎದ್ದ ರಭಸಕ್ಕೆ ಕುರ್ಚಿ ಉರುಳಿತು. ವಿಮಲಮ್ಮ ಮಗನನ್ನು ಅವುಚಿ ಹಿಡಿದು ಗುಜರಾತಿಯಲ್ಲಿ ಹೇಳಿದರು: “ನೀರು ಅವನಿಗೇ ಬೇಕಿತ್ತು ಸಾಹೇಬರೇ. ಅವನು ಕೇಳೋದೇ ಹಾಗೆ.”

“ಇಂಥವನನ್ನು ಇಲ್ಲಿ ಇಟ್ಟುಕೊಂಡಿದ್ದೀರಾ? ಹುಚ್ಚಾಸ್ಪತ್ರೆಗೆ ತೋರಿಸಿ!”

ರಾಯರು ದನಿ ಏರಿಸಲಿಲ್ಲ. “ಈಗ ತಾನೇ ಎಲ್ಲರ ಶಾಲೆಗೆ ಕಳಿಸಿ ಅಂದಿರಿ. ಈಗ ಹುಚ್ಚಾಸ್ಪತ್ರೆ ಅಂತೀರಿ. ನಾವು ಕೇಳ್ತಿರೋದು ಇವೆರಡರ ನಡುವೆ ಒಂದು ಕೋಣೆ.”

“ನಡುವೆ ಅಂತ ನಮ್ಮಲ್ಲಿ ಏನೂ ಇಲ್ಲ,” ಎಂದು ಸಾಹೇಬರು ಹೊರಟುಹೋದರು.

ಹುಡುಗನಿಗೆ ನೀರು ಕುಡಿಸಿದೆ. ಗಟಗಟ ಕುಡಿದು, ಬಾಯಿ ಒರೆಸಿಕೊಂಡು, ನನ್ನ ದನಿಯಲ್ಲಿ ಕೇಳಿದ: “ಸಾಕೇನಪಾ?”

ಉತ್ತರ ಕೊಟ್ಟವರು ವಿಮಲಮ್ಮ. “ಸಾಕಾಗಿಲ್ಲ ಕಣೋ. ನಾಳೆ ಮತ್ತೆ ಕಚೇರಿಗೆ ಹೋಗ್ಬೇಕು.”

ಹೋದರು. ರಾಯರಿಗೆ ಬೇರೆ ಊರಿಗೆ ವರ್ಗವಾಗುವ ತನಕ ಹೋಗುತ್ತಲೇ ಇದ್ದರು. ಕೋಣೆ ಬರಲಿಲ್ಲ. ಕಾರು ಬಂತು. ಮುಕುಂದ ಮುಂದೆ ಏನಾದನೋ ನನಗೆ ಗೊತ್ತಿಲ್ಲ. ಗೊತ್ತಿದೆಯೆಂದು ಕಥೆ ಕಟ್ಟಲಾರೆ.

ಆಮೇಲೆ ಎಷ್ಟೋ ಮನೆಗಳಲ್ಲಿ ಮಕ್ಕಳನ್ನು, ಮುದುಕರನ್ನು ನೋಡಿಕೊಂಡೆ. ಆ ಗ್ಯಾರೇಜಿನ ಕೆಲಸ ಕಲಿಸಿದ ಪಾಠ ಒಂದೇ. ಯಾರಾದರೂ ‘ನಿನಗೆ ಬೇಕೇ’ ಎಂದು ಕೇಳಿದರೆ, ಬೇಕು ಬೇಡ ಹೇಳುವ ಮೊದಲು ಕೇಳಿದವರ ತುಟಿ ಒಣಗಿದೆಯೇ ನೋಡಬೇಕು.