ಕಾಡಿನ ಡಬ್ಬಿಗೆ ಶೇಂಗಾ ಉಂಡೆ

ಭಾನುವಾರ, ಸಂಜೆ ಏಳು ಗಂಟೆ, ಕೂಡ್ಲಿಗಿಯ ನಮ್ಮ ಮನೆಯ ಪಡಸಾಲೆ. ಹಾಜರಿರುವವಳು ನಾನೊಬ್ಬಳೇ. ಮಡಿಲಲ್ಲಿ ಸೀರೆಯ ಅಂಚು, ಅಂಚಿನ ತುಂಬ ಉತ್ತರಾಣಿ ಬೀಜ. ಒಂದೊಂದನ್ನೇ ಕಿತ್ತು ಹಳೆಯ ಪೇಪರಿನ ಮೇಲೆ ಸಾಲಾಗಿ ಇಡುತ್ತಿದ್ದೇನೆ. ಅಂಟುಬೀಜವನ್ನೂ ಸಾಲಾಗಿ ಇಡುವವಳು ಎಂಥವಳು ಎಂದು ನೀವು ನಗಬಹುದು. ನರ್ಸಾಗಿ ಆಸ್ಪತ್ರೆಯ ವಾರ್ಡಿನಲ್ಲಿ ಜೀವಮಾನವಿಡೀ ಚಾದರದ ಮೂಲೆ ಸರಿಮಾಡಿದ ಕೈ ಇದು. ನಿವೃತ್ತಿಯ ಆದೇಶ ನನಗೆ ಬಂತು, ಕೈಗೆ ಬರಲಿಲ್ಲ.

ಇವತ್ತು ಮಧ್ಯಾಹ್ನ ಮಾತ್ರ ಕೈಯೂ ಶಿಸ್ತು ತಪ್ಪಿತು.

ಕಾಡಿಗೆ ಹೋಗಿದ್ದವರು ಮೂವರು: ನಾನು, ಬಟ್ಟೆ ಅಂಗಡಿಯ ಶಿವಲೀಲಾ, ಅಂಗನವಾಡಿಯಲ್ಲಿ ಟೀಚರಾಗಿದ್ದ ಹನುಮಕ್ಕ. ಬೆಳಗಿನ ವಾಕಿಂಗಿನ ಗೆಳತಿಯರು. ಲೀಲಾಳ ತಂಗಿಯ ಮಗಳು ಹೋದ ವಾರ ಹರಪನಹಳ್ಳಿಯಿಂದ ಬಂದವಳು ಚಿಕ್ಕಮ್ಮ ದೊಡ್ಡಮ್ಮ ಎಲ್ಲರಿಗೂ ಏನೇನೋ ಕಲಿಸಿ, ಲೀಲಾಳ ಫೋನಿಗೆ ಒಂದು ಆಟ ಹಾಕಿಕೊಟ್ಟು ಹೋದಳು. ಜಿಯೋಕ್ಯಾಶಿಂಗ್ ಅಂತೆ. ಗುರುತಿಲ್ಲದ ಯಾರೋ ಕಾಡಿನಲ್ಲಿ ಡಬ್ಬಿ ಬಚ್ಚಿಡುತ್ತಾರೆ, ಫೋನು ದಾರಿ ತೋರಿಸುತ್ತದೆ. ಹುಡುಕಿದವರು ಒಳಗಿನ ಚೀಟಿಯಲ್ಲಿ ಹೆಸರು ಬರೆದು ಡಬ್ಬಿಯನ್ನು ಇದ್ದಲ್ಲೇ ಇಟ್ಟು ಬರಬೇಕು.

"ಮನಿಗೆ ತರೋಹಂಗಿಲ್ಲೇನು?" ಎಂದಳು ಹನುಮಕ್ಕ.

"ಇಲ್ಲ" ಎಂದೆ.

"ಮತ್ತ ಹುಡುಕೋದ್ಯಾಕ?"

ಇದಕ್ಕೆ ಉತ್ತರ ಲೀಲಾಳಲ್ಲಿ ಇತ್ತು. ಅವಳಿಗೆ ನನ್ನ ಸ್ಕೂಟಿ ಕಲಿಯುವ ಆಸೆ, ನನಗೆ ಕೀಲಿ ಕೊಡುವ ಧೈರ್ಯವಿಲ್ಲ. ಲೀಲಾಳಿಗೆ ದಿಕ್ಕು ಎಂಬುದೇ ತಿಳಿಯದು. ಸಂತೆಯಲ್ಲಿ ಉಳ್ಳಾಗಡ್ಡಿ ಕೊಂಡು ತಿರುಗುವಷ್ಟರಲ್ಲಿ ಬಂದ ದಾರಿ ಮರೆತಿರುತ್ತಾಳೆ. ಒಮ್ಮೆ ಕೊಟ್ಟೂರಿನ ಮದುವೆಗೆಂದು ಹೊರಟು, ಹಡಗಲಿಯಲ್ಲಿ ಇಳಿದು, ಅಲ್ಲಿ ಯಾರದೋ ಮದುವೆಯಲ್ಲಿ ಉಂಡು, ಮುಯ್ಯಿಯನ್ನೂ ಓದಿಸಿ ಬಂದವಳು.

"ಯಕ್ಕಾ, ಡಬ್ಬಿ ಹುಡುಕಿ ತೋರಿಸ್ತೀನಿ. ಆಮ್ಯಾಲೆ ಕೀಲಿ ಕೊಡ್ತಿಯೇನು?"

"ದಾರಿ ನೀನ ತೋರಿಸಬೇಕು. ತಪ್ಪಿದ್ರ ಸ್ಕೂಟಿ ಮಾತು ಮತ್ತ ಎತ್ತಬಾರದು."

"ಆತು" ಎಂದಳು. ನಗಲಿಲ್ಲ. ಯಾವ ಮಾತಿಗೂ ನಗುವ ಲೀಲಾ ನಗದಿದ್ದಾಗಲೇ ಆಸೆಯ ಆಳ ನನಗೆ ಗೊತ್ತಾಗಬೇಕಿತ್ತು.

ಆಟೋ ನಮ್ಮನ್ನು ಮಣ್ಣುರಸ್ತೆಯ ಕೊನೆಯ ಬೇವಿನ ಮರದ ಕೆಳಗೆ ಇಳಿಸಿ ಅಲ್ಲೇ ಕಾದು ನಿಂತಿತು. ಮುಂದೆ ಕುರುಚಲು ಕಾಡು: ಕಾರೆ, ಜಾಲಿ, ಒಂದರ ಹೆಗಲಿಗೊಂದು ಒರಗಿದ ಬಂಡೆಗಳು. ಲೀಲಾ ಫೋನನ್ನು ಆರತಿ ತಟ್ಟೆಯಂತೆ ಎರಡೂ ಕೈಯಲ್ಲಿ ಹಿಡಿದು ಮುಂದೆ ನಡೆದಳು. ದಾರಿಯುದ್ದಕ್ಕೂ ಮಾತು. "ಈ ಕಲ್ಲು ನೋಡ್ರಿ, ನಮ್ಮತ್ತಿ ಸಿಟ್ಟು ಮಾಡಿ ಬೆನ್ನು ತಿರುವಿ ಕುಂತಂಗ ಐತಿ. ಇದು ಒಂದು ಕೈ ಎತ್ತಿ ರೊಟ್ಟಿ ಬಡಿಯೋಕಿ."

"ಕಲ್ಲಿನ ಮಾರಿ ಬಿಟ್ಟು ದಾರಿ ನೋಡು" ಎಂದು ಗದರಿದೆ.

ಫೋನು ಜಾಗ ಬಂತೆಂದಿತು. ನಾನು ಜಾಗವನ್ನು ಮೂರು ಪಾಲು ಮಾಡಿ ಒಬ್ಬೊಬ್ಬರಿಗೆ ಒಂದೊಂದು ಹಂಚಿದೆ. ನನ್ನ ಪಾಲಿನಲ್ಲಿ ಒಂದು ಚೇಳು ಸಿಕ್ಕಿತು. ಹನುಮಕ್ಕ ತನ್ನ ಪಾಲು ಬಿಟ್ಟು ಕಲ್ಲಿನ ಮೇಲೆ ಕುಳಿತು ಶೇಂಗಾ ಉಂಡೆಯ ಡಬ್ಬಿ ಬಿಚ್ಚಿದಳು. ಕಲ್ಲು ಅಲುಗಿತು.

"ಏಳ ಹನುಮಕ್ಕ" ಎಂದಳು ಲೀಲಾ. "ಹುಡುಕೋದರ ಮ್ಯಾಲೆ ಕುಂತೀದಿ."

ಕಲ್ಲಿನಡಿ ಪ್ಲಾಸ್ಟಿಕ್ ಡಬ್ಬಿ. ಆಮೇಲೆ ಆದದ್ದನ್ನು ನೀವು ನಂಬಲಿಕ್ಕಿಲ್ಲ. ಮೂವರೂ ಕೈ ಕೈ ಹಿಡಿದು ಗಿರಗಿರನೆ ಸುತ್ತಿ ಫುಗಡಿ ಆಡಿದೆವು. ನನ್ನ ಕನ್ನಡಕ ಹಾರಿ ಜಾಲಿಯ ಮುಳ್ಳಿಗೆ ಸಿಕ್ಕಿತು. ಫೋನಿನಲ್ಲಿ ಫೋಟೋ ಮೇಲೆ ಫೋಟೋ.

ಡಬ್ಬಿಯಲ್ಲಿ ಚೀಟಿ, ಪೆನ್ಸಿಲ್ ಬಿಟ್ಟರೆ ಏನೂ ಇರಲಿಲ್ಲ. ಹೆಸರು ಬರೆದೆವು. ಆದರೆ ಮುಚ್ಚಲು ಕೈ ಬಾರದು. ನಮ್ಮ ಕಡೆ ಪರರ ಮನೆಯ ಪಾತ್ರೆ ಬರಿದಾಗಿ ಹಿಂದಿರುಗುವುದಿಲ್ಲ, ಚಿಟಿಕೆ ಸಕ್ಕರೆಯಾದರೂ ಹಾಕಿ ಕೊಡುತ್ತೇವೆ. "ಯಾರ ಮನಿ ಡಬ್ಬಿನೋ ಏನೋ" ಎಂದು ಹನುಮಕ್ಕ ಮೂರು ಉಂಡೆ ಇಟ್ಟಳು. ಸರಿಯಾಯಿತು ಎಂದು ನಾನೇ ಮುಚ್ಚಳ ಒತ್ತಿದೆ.

ತಿರುಗಿ ಬರುವಾಗ ತೀರ್ಪು ಕೊಟ್ಟೆ. "ದಾರಿ ತೋರಿಸಿದ್ದು ಫೋನು, ಡಬ್ಬಿ ತೋರಿಸಿದ್ದು ಹನುಮಕ್ಕ ಕುಂತ ಜಾಗ. ಇದು ಲೆಕ್ಕಕ್ಕಿಲ್ಲ ಲೀಲಾ."

ಲೀಲಾ ಮುಂದೆ ನಡೆದಳು. ತುಸು ದೂರ ಹೋಗಿ ನಿಂತಳು. "ಯಕ್ಕಾ, ತಿನ್ನೋದು ಮಾತ್ರ ಇಡಬ್ಯಾಡ್ರಿ, ಪ್ರಾಣಿ ಬಂದು ಡಬ್ಬಿ ಒಡೀತಾವ ಅಂದಿದ್ಲು ನಮ್ಮ ತಂಗಿ ಮಗಳು."

ಬೆಲ್ಲದ ವಾಸನೆಗೆ ನಮ್ಮ ಗುಡ್ಡದ ಕರಡಿ ಎಲ್ಲಿಂದಲಾದರೂ ಬರುತ್ತದೆ. ಡಬ್ಬಿಯ ಕಡೆ ಹಿಂದಿರುಗಲೇಬೇಕು. ಫೋನು ನೋಡಿದರೆ ಫೋಟೋ ತೆಗೆದೂ ತೆಗೆದೂ ಬ್ಯಾಟರಿ ಸತ್ತಿತ್ತು.

"ನನ್ನ ಹಿಂದ ಬರ್ರಿ" ಎಂದೆ. ಬಿಸಿಲು ನೋಡಿ ದಿಕ್ಕು ಗೊತ್ತುಮಾಡಿ, ಒಂದು ಸಲವೂ ನಿಲ್ಲದೆ, ನೇರವಾಗಿ ನಡೆಸಿಕೊಂಡು ಹೋದೆ. ಬೇವಿನ ಮರ ಬಂತು. ಆಟೋದವನು ಸೀಟಿನಲ್ಲಿ ಗೊರಕೆ ಹೊಡೆಯುತ್ತಿದ್ದ.

ಹನುಮಕ್ಕ ಅವನನ್ನು ಸುತ್ತಿ ಬಂದು ನೋಡಿದಳು. "ಸಿಸ್ಟರ್, ಇಲ್ಲಿ ಡಬ್ಬಿ ಕಾಣವಲ್ದಲ್ರಿ."

ನಾನು ಕನ್ನಡಕ ಒರೆಸಿಕೊಂಡೆ. ಲೀಲಾ ಆಗಲೇ ಹೊರಟಿದ್ದಳು. "ಅತ್ತಿ ಬೆನ್ನ ಹಿಂದ ಹಾದು, ರೊಟ್ಟಿ ಬಡಿಯೋಕಿ ಯಾವ ಕೈ ಎತ್ಯಾಳೋ ಆ ಕಡಿ" ಎನ್ನುತ್ತ. ಅತ್ತೆ ಸಿಟ್ಟಿನಲ್ಲೇ ಇದ್ದಳು, ರೊಟ್ಟಿಯವಳ ಕೈ ಎತ್ತಿದಂತೆಯೇ ಇತ್ತು. ಡಬ್ಬಿಯ ಮೇಲೆ ಇರುವೆ ಸಾಲುಗಟ್ಟಿದ್ದವು, ಕರಡಿ ಇನ್ನೂ ಬಂದಿರಲಿಲ್ಲ. ಉಂಡೆ ತೆಗೆದೆವು. ಮತ್ತೆ ಬರಿದಾದ ಡಬ್ಬಿಗೆ ಲೀಲಾ ತಾಳಿಯಲ್ಲಿ ಸಿಕ್ಕಿಸಿಕೊಂಡಿದ್ದ ಪಿನ್ನು ಬಿಚ್ಚಿ ಹಾಕಿದಳು. "ಮುಂದ ಬರೋರ ಸೀರಿ ಹರಿದ್ರ ಬೇಕಾಗ್ತೈತಿ."

ಉಂಡೆಗಳನ್ನು ಇರುವೆ ಕೊಡವಿ ತಿನ್ನುತ್ತ ಬಂದೆವು. ಆಟೋದಲ್ಲಿ ಮನೆ ಮುಟ್ಟುವವರೆಗೂ ಯಾರೂ ಸ್ಕೂಟಿಯ ಮಾತೆತ್ತಲಿಲ್ಲ. ಲೀಲಾ ಕೊಟ್ಟ ಮಾತು ಉಳಿಸಿಕೊಳ್ಳುವವಳು.

ಬೀಜ ಮುಗಿದವು. ಪೇಪರು ಮಡಚಿ ಒಲೆಗೆ ಹಾಕಿ, ಗೊಂಚಲಿನಿಂದ ಸ್ಕೂಟಿಯ ಕೀಲಿ ಬಿಡಿಸಿಕೊಂಡು ಹಿಂದಿನ ಓಣಿಗೆ ಹೋದೆ. ಬಾಗಿಲು ತೆಗೆದವರು ಲೀಲಾಳ ಯಜಮಾನರು. ಒಳಗಿನಿಂದ ಅವಳು ಹಿಟ್ಟಿನ ಕೈಯಲ್ಲೇ ಬಂದಳು. ಆ ಕೈಯಲ್ಲೇ ಕೀಲಿ ಇಟ್ಟೆ.

"ಬೆಳಿಗ್ಗೆ ಆರಕ್ಕ ಕೀಲಿ ತಗೊಂಡು ಮನಿಗೆ ಬಾ, ಮೈದಾನಕ್ಕ ಹೋಗೂಣು. ಅಲ್ಲಿ ನಾ ಹಿಂದ ಕೂಡ್ತೀನಿ."

"ಯಕ್ಕಾ, ಮೈದಾನ ಯಾವ ಕಡಿ?" ಎಂದಳು, ನಗುತ್ತ.

ಮನೆಗೆ ಬಂದು ಬಾಗಿಲು ಹಾಕಿದೆ. ಹೆಲ್ಮೆಟ್ ಹುಡುಕಿ ತೆಗೆದು, ಧೂಳು ಒರೆಸಿ, ಹೊಸ್ತಿಲ ಪಕ್ಕ ಇಟ್ಟೆ.